ಕೌದಿಯ ಮೇಲೆ ಬಿಡಿಸಿದ ಪ್ರಶ್ನೆ

ನಾನು ಗದಗಿನ ದಿನಪತ್ರಿಕೆಯೊಂದರಲ್ಲಿ ಹಿರಿಯ ವರದಿಗಾರ. ಇದು 2023ರ ಮಾತು. ಆ ಬೇಸಿಗೆಯ ಒಂದು ಮುಂಜಾನೆ ಪಕ್ಕದ ಮೇಜಿನ ವೀರೇಶನ ವರದಿ ಮೊದಲ ಪುಟದಲ್ಲಿ ಬಂತು: ‘ಬೆಟಗೇರಿ ನೇಕಾರರ ಮಕ್ಕಳಲ್ಲಿ ಬುದ್ಧಿವಂತಿಕೆಯ ಜೀನ್’. ಚಹಾದಂಗಡಿಯಲ್ಲಿ ಜನ ಅವನ ಹೆಸರು ಹೇಳಿ ಓದುತ್ತಿದ್ದರು. ನನಗೆ ಚಹಾ ಸೇರಲಿಲ್ಲ.

ಖಾಸಗಿ ತರಬೇತಿ ಕೇಂದ್ರವೊಂದು ಉಚಿತ ಸೀಟುಗಳಿಗೆ ಪರೀಕ್ಷೆ ನಡೆಸಿತ್ತು. ನೇಕಾರರ ಮಕ್ಕಳು ಮುಂದೆ ಬಂದರು, ಮುಂಡರಗಿ ಕಡೆಯ ರೈತರ ಮಕ್ಕಳು ಹಿಂದೆ ಬಿದ್ದರು. ಕೇಂದ್ರದವರು ಗೆದ್ದ ಮಕ್ಕಳ ಜೊಲ್ಲನ್ನು ಲ್ಯಾಬಿಗೆ ಕಳಿಸಿ, ಅವರಲ್ಲಿ ಒಂದು ‘ವೇರಿಯಂಟ್’, ಅಂದರೆ ಜೀನಿನಲ್ಲಿನ ಸಣ್ಣ ವ್ಯತ್ಯಾಸ, ಸಿಕ್ಕಿದೆ ಎಂದು ಸಾರಿದ್ದರು.

ಹೊಟ್ಟೆಕಿಚ್ಚಿನಿಂದ ಮತ್ತೆ ಮತ್ತೆ ಓದಿದ ನನಗೆ ಒಂದು ತೂತು ಕಂಡಿತು.

“ಲೇ ವೀರೇಶ, ಸೋತ ಮಕ್ಕಳ ಜೊಲ್ಲು ಕಳಿಸ್ಯಾರೇನು?”

“ಇಲ್ರಿ ಸರ. ಯಾಕ, ಉರೀತೈತೇನು?”

“ಉರೀತೈತಿ” ಎಂದು ಮುಂಡರಗಿ ಬಸ್ ಹತ್ತಿದೆ. ಹೋಲಿಸಿ ನೋಡದೆ, ಆ ವೇರಿಯಂಟ್ ನೇಕಾರರಲ್ಲಿ ಮಾತ್ರ ಇದೆ ಎಂದು ಯಾರೂ ಹೇಳಲಾಗದು.

ಕೊರ್ಲಹಳ್ಳಿಯಲ್ಲಿ ಸೀಟು ಸಿಗದ ಹುಡುಗಿ ರೇಣುಕಾಳ ಮನೆಗೆ ಹೋದೆ. ತಾಯಿ ಗಂಗವ್ವ ಕಟ್ಟೆಯ ಮೇಲೆ ಬಣ್ಣಬಣ್ಣದ ಬಟ್ಟೆ ತುಂಡುಗಳನ್ನು ಸಾಲಾಗಿ ಜೋಡಿಸಿ ಕೌದಿ ಹೊಲಿಯುತ್ತಿದ್ದರು.

“ಬೆಟಗೇರಿ ಸರೋಜಾನ ಮಗಳಿಗೆ ಸೀಟ ಆತು, ನನ್ನ ಮಗಳಿಗೆ ಇಲ್ಲ. ಇನ್ನ ಆಕಿ ನೇಯ್ದ ಸೀರಿ ನಾ ಉಡಂಗಿಲ್ರಿ.”

ನಾನು ಪರೀಕ್ಷೆಯ ಮಾದರಿ ಪ್ರಶ್ನೆ ತೋರಿಸಿದೆ. ಚೌಕಗಳ ಒಂದು ವಿನ್ಯಾಸ, ಕೊನೆಯ ಚೌಕ ಖಾಲಿ. ಅಲ್ಲಿಗೆ ಯಾವುದು ಸರಿ ಎಂದು ಹೇಳಬೇಕು. ನೇಕಾರರ ಮನೆಯಲ್ಲಿ ಸೀರೆಯಂಚಿನ ನಕ್ಷೆಯನ್ನು ಹೀಗೆಯೇ ಚೌಕಳಿ ಕಾಗದದ ಮೇಲೆ ಬಿಡಿಸುತ್ತಾರೆ. ಮಕ್ಕಳು ಅದನ್ನು ನೋಡುತ್ತಲೇ ಬೆಳೆಯುತ್ತಾರೆ. ರೇಣುಕಾ ಕಾಗದ ನೋಡಿ, ತಿಳಿಯದೆ ಪಕ್ಕಕ್ಕೆ ಸರಿಸಿದಳು. ತಾಯಿಯ ಕೈಯಲ್ಲಿನ ಕೌದಿಯ ಕಡೆ ತಿರುಗಿ, “ಯವ್ವಾ, ಅಲ್ಲಿ ಕೆಂಪ ಹಚ್ಚಬ್ಯಾಡ, ಸಾಲು ಕೆಡತೈತಿ. ಹಸರ ಹಚ್ಚು” ಎಂದಳು.

ಅದೇ ಪ್ರಶ್ನೆಯನ್ನು ಬಟ್ಟೆ ತುಂಡುಗಳಲ್ಲಿ ಜೋಡಿಸಿ ಕೊಟ್ಟೆ. ಬಿಡಿಸಿದಳು. ಇನ್ನೊಂದು ಕೊಟ್ಟೆ. ಅದನ್ನೂ.

ಗಂಗವ್ವನ ಮುಖ ಅರಳಿತು. “ಹಂಗಾರ ಕೊರ್ಲಹಳ್ಳಿ ರಕ್ತಾನ ಚುರುಕ ಅಂತ ಬರೀರಿ. ಆ ಸರೋಜಾ ಓದ್ಲಿ!”

“ಅದೂ ಸುಳ್ಳ ಆಗತೈತ್ರಿ ಅಕ್ಕಾರ.”

“ಸುಳ್ಳರ ಆಗ್ಲಿ, ಒಂದ್ ದಿನ ಉರ್ಕೊಳ್ಳಿ!”

ಧಾರವಾಡದ ತಳಿವಿಜ್ಞಾನಿಯೊಬ್ಬರು ಫೋನಿನಲ್ಲಿ ವಿವರಿಸಿದರು: ಬುದ್ಧಿಶಕ್ತಿಯ ಹಿಂದೆ ಅಸಂಖ್ಯ ವೇರಿಯಂಟುಗಳ ಚೂರುಚೂರು ಪ್ರಭಾವವಿರಬಹುದು, ಜೊತೆಗೆ ಮನೆ, ಊಟ, ಶಾಲೆ, ರೂಢಿ. ಒಂದು ವೇರಿಯಂಟ್ ಹಿಡಿದು ಒಂದು ಮಗುವನ್ನೇ ಅಳೆಯಲಾಗದು. ಸಮುದಾಯವನ್ನು ಅಳೆಯುವ ಮಾತು ದೂರವೇ ಉಳಿಯಿತು.

ಕಚೇರಿಗೆ ಬಂದು ಬರೆದು ಮುಗಿಸಿದಾಗ ವೀರೇಶ ನನ್ನ ಹೆಗಲ ಹಿಂದೆ ನಿಂತು ಓದುತ್ತಿದ್ದ. “ಸರ, ಬಿಡಿಸಿದಾಕಿ ಒಬ್ಬಾಕಿ. ನೀವು ‘ರೈತರ ಮಕ್ಕಳು ಬಿಡಿಸಿದರು’ ಅಂತ ಬರ್ದೀರಲ್ಲ?”

ಈಗ ಉರಿ ಅವನ ದನಿಯಲ್ಲಿತ್ತು. ಮಾತು ಮಾತ್ರ ಖರೆ. ಮರುದಿನ ಮತ್ತೆ ಕೊರ್ಲಹಳ್ಳಿಗೆ ಹೋಗಿ ಬೇರೆ ಮಕ್ಕಳಿಗೂ ಬಟ್ಟೆ ತುಂಡು ಕೊಟ್ಟೆ. ಕೆಲವರು ಬಿಡಿಸಿದರು, ಕೆಲವರು ಇಲ್ಲ. ಹಾಗೆಯೇ ಬರೆದೆ.

ವರದಿ ಮೂರನೇ ಪುಟಕ್ಕೆ ಬಂತು. ಕೇಂದ್ರದವರು ಜೀನಿನ ಮಾತು ಕೈಬಿಟ್ಟು, ಎಲ್ಲರಿಗೂ ಮೊದಲು ಪ್ರಶ್ನೆಗಳನ್ನು ರೂಢಿ ಮಾಡಿಸಿ, ಮರುಪರೀಕ್ಷೆ ನಡೆಸಿದರು. ರೇಣುಕಾಳಿಗೆ ಸೀಟು ಸಿಕ್ಕಿತು. ಕೇಂದ್ರದ ಹಾಸ್ಟೆಲಿನಲ್ಲಿ ಸರೋಜಾಳ ಮಗಳ ಪಕ್ಕದ ಮಂಚವೇ.

ನಮ್ಮ ಬರಹವನ್ನು ಮೆಚ್ಚುವವರು ಬೇಗ ಓದಿ ಮುಗಿಸುತ್ತಾರೆ. ಹೊಟ್ಟೆಕಿಚ್ಚಿನವರು ಒಂದಕ್ಷರ ಬಿಡುವುದಿಲ್ಲ. ಅಂದಿನಿಂದ ನನ್ನ ಪ್ರತಿ ವರದಿ ಸಂಪಾದಕರಿಗಿಂತ ಮೊದಲು ವೀರೇಶನ ಮೇಜಿಗೆ ಹೋಗುತ್ತದೆ. ಮೊದಲ ಪುಟದಲ್ಲಿ ಬಂದ ಅವನ ಆ ವರದಿಯ ತುಣುಕು ಇವತ್ತಿಗೂ ಅಲ್ಲೇ ಮೇಜಿನ ಗಾಜಿನ ಕೆಳಗಿದೆ. ನಾನು ಅದನ್ನು ನೋಡದ ಹಾಗೆ ನಿಲ್ಲುತ್ತೇನೆ.