ಕ್ಲಚ್ಚಿನ ಪಾಲು

ಅಕ್ಕನ ಚಪ್ಪಲಿಗಳಲ್ಲಿ ಎಡಗಾಲಿನದು ಯಾವಾಗಲೂ ಮೊದಲು ಸವೆಯುತ್ತಿತ್ತು. ಅದೂ ಹಿಮ್ಮಡಿಯ ಕಡೆಯಲ್ಲ, ಹೆಬ್ಬೆರಳಿನ ಕೆಳಗೆ. ಬಲಗಾಲಿನದು ಇನ್ನೂ ಗಟ್ಟಿಯಾಗಿರುವಾಗಲೇ ಎಡದ್ದು ತೂತು ಬಿದ್ದು, ಜೋಡಿಯನ್ನೇ ಎಸೆಯಬೇಕಾಗುತ್ತಿತ್ತು. “ಒಂದೇ ಕಾಲಿಂದು ಕೊಡಕ್ಕಿಲ್ವಲ್ಲಮ್ಮ ಅಂಗಡಿಯೋರು” ಎಂದು ನಗುತ್ತಿದ್ದರು. ಆ ಕಾಲು ವರ್ತೂರಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ, ಹೋಗುತ್ತ ಬರುತ್ತ, ದಿನಕ್ಕೆ ಮೂರು ಗಂಟೆ ಕ್ಲಚ್ ತುಳಿಯುತ್ತಿತ್ತು. ಪಕ್ಕದ ಸೀಟಿನಲ್ಲಿ ನಾನು ನಿದ್ದೆ ಹೊಡೆಯುತ್ತಿದ್ದೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಎಲೆಕ್ಟ್ರಿಕ್ ಪ್ಯಾನೆಲ್ ಮಾಡುವ ಒಂದೇ ಕಾರ್ಖಾನೆಯಲ್ಲಿ ಅವರು ಸ್ಟೋರ್ಸ್, ನಾನು ಅಕೌಂಟ್ಸ್. ನಾನು ವರ್ತೂರಿನಲ್ಲಿ ಬಾಡಿಗೆಗಿದ್ದವಳು, ಅವರು ಆ ಊರಿನ ಹಳೇ ಮನೆತನದವರು. ಗಂಡ ಬಿಟ್ಟು ಹೋಗಿ ಎಷ್ಟೋ ವರ್ಷವಾಗಿತ್ತು. ಅಣ್ಣತಮ್ಮಂದಿರು ಕೆರೆ ಪಕ್ಕದ ಹೊಲ ಮಾರುವಾಗ ಇವರಿಂದ ಸಹಿ ಹಾಕಿಸಿಕೊಂಡು, ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕೊಟ್ಟು ಕೈ ತೊಳೆದುಕೊಂಡಿದ್ದರು. ಆ ದುಡ್ಡಿನಲ್ಲಿ ಅಕ್ಕ ಒಂದು ಹಳೇ ಕಾರು ಕೊಂಡರು. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತರು.

ಟ್ರಾಫಿಕ್ಕಿಗೆ ಅವರು ಬೈದದ್ದನ್ನು ನಾನು ಕೇಳಿಲ್ಲ. ಗುಂಜೂರಿನ ಹತ್ತಿರ ಗಾಡಿಗಳೆಲ್ಲ ನಿಂತುಬಿಟ್ಟಾಗ ಅಪಾರ್ಟ್‌ಮೆಂಟುಗಳ ಕಡೆ ಬೆರಳು ತೋರಿಸಿ, ಇಲ್ಲಿ ಯಾರ ರಾಗಿ ಹೊಲ ಇತ್ತು, ಅಲ್ಲಿ ಯಾರ ಬಾವಿ ಇತ್ತು ಎಂದು ಹೇಳುತ್ತಿದ್ದರು. ಅಪ್ಪಿತಪ್ಪಿ ರಸ್ತೆ ಖಾಲಿ ಸಿಕ್ಕರೆ ಹಬ್ಬ. “ಏಯ್, ಏಳಮ್ಮ! ಮೂರನೇ ಗೇರು ಬಿತ್ತು!” ಎಂದು ನನ್ನನ್ನು ತಟ್ಟಿ ಎಬ್ಬಿಸುತ್ತಿದ್ದರು.

ಮೊದಲ ತಿಂಗಳು ಅವರು “ಪೆಟ್ರೋಲಿಗೆ ಏನೋ ಒಂದಷ್ಟು ಕೊಡು” ಎಂದಿದ್ದರು. ಏನೋ ಒಂದಷ್ಟು ಎಂಬ ಮಾತು ನನ್ನಂಥ ಲೆಕ್ಕದವಳಿಗೆ ಆಗಿಬರುವುದಿಲ್ಲ. ಎಕ್ಸೆಲ್‌ನಲ್ಲಿ ಒಂದು ಶೀಟ್ ಮಾಡಿದೆ. ಪೆಟ್ರೋಲು ಮಾತ್ರವಲ್ಲ, ಸರ್ವಿಸು, ಟೈರು, ಇನ್ಶೂರೆನ್ಸು, ಪಂಕ್ಚರು ಎಲ್ಲವೂ ಅರ್ಧರ್ಧ. ಭಾನುವಾರ ಅವರೊಬ್ಬರೇ ಓಡಿಸಿದ ಕಿಲೋಮೀಟರನ್ನು ಕಳೆಯುತ್ತಿದ್ದೆ. ಕ್ಯಾಂಟೀನಿನಲ್ಲಿ ಅದನ್ನು ನಾಲ್ಕು ಜನಕ್ಕೆ ತೋರಿಸಿ ಹೊಗಳಿಸಿಕೊಂಡೆ ಕೂಡ. “ನಿಂದು ಸರಿಯಾಗೇ ಇರ್ತದೆ ಬುಡು” ಎಂದು ಅಕ್ಕ ನೋಡದೆಯೇ ಒಪ್ಪುತ್ತಿದ್ದರು.

ನನಗೂ ಲೈಸೆನ್ಸ್ ಇತ್ತು. ಒಮ್ಮೆ, ಒಂದೇ ಒಂದು ಸಲ, ದೊಮ್ಮಸಂದ್ರದ ಬಳಿ ಅಕ್ಕ ನನ್ನ ಕೈಗೆ ಸ್ಟೀರಿಂಗ್ ಕೊಟ್ಟಿದ್ದರು. ನಡುರಸ್ತೆಯಲ್ಲಿ ಗಾಡಿ ಆಫ್ ಆಯಿತು. ಹಿಂದೆ ನೀರಿನ ಟ್ಯಾಂಕರು ಒಂದೇ ಸಮನೆ ಹಾರ್ನ್ ಹೊಡೆಯಿತು. ಬೈಕಿನವನೊಬ್ಬ ಕಿಟಕಿಯ ಹತ್ತಿರ ಬಗ್ಗಿ, “ಮೇಡಂ, ಲೈಸೆನ್ಸ್ ಕಾಸು ಕೊಟ್ಟು ತಗೊಂಡ್ರಾ?” ಎಂದು ಕೇಳಿ ಹೋದ. ನಾನು ಅತ್ತುಬಿಟ್ಟೆ. ಅಕ್ಕ ಇಳಿದು ಸುತ್ತಿ ಬಂದು ಓಡಿಸಿದರು. ಆಮೇಲೆ ನಾನು ಆ ಕಡೆಯ ಸೀಟಿನಲ್ಲಿ ಕೂರಲಿಲ್ಲ.

ಮೂರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಚಂದಾಪುರಕ್ಕೆ ಇನ್ನೂ ದೂರವಿರುವಾಗ, ಅಕ್ಕ ಎಡ ಮೊಣಕಾಲು ನೀವಿಕೊಂಡು ಕೇಳಿದರು. “ವಾರಕ್ಕೆರಡು ದಿನ ನೀನು ಓಡ್ಸಮ್ಮ. ಯಾಕೋ ಮಂಡಿ ಇಡ್ಕೊಂತದೆ. ಆ ಎರಡು ದಿನದ ಕಾಸು ಬ್ಯಾಡ.”

ನನಗೆ ಟ್ಯಾಂಕರಿನ ಹಾರ್ನ್ ನೆನಪಾಯಿತು. “ಅಕ್ಕಾ, ನನ್ ಕೈಲಾಗಲ್ಲ. ಬೇಕಾದ್ರೆ ಅರ್ಧ ಬೇಡ, ಮುಕ್ಕಾಲು ಪಾಲು ನಾನೇ ಕೊಡ್ತೀನಿ” ಎಂದೆ.

ಅವರು ಮತ್ತೆ ಕ್ಲಚ್ ತುಳಿದು ಗೇರು ಹಾಕಿದರು. “ಆಯ್ತು ಬುಡು” ಎಂದರು. ಆ ತಿಂಗಳಿಂದ ಮುಕ್ಕಾಲು ಕೊಟ್ಟೆ. ಶೀಟಿನಲ್ಲಿ ತಿದ್ದಿಕೊಂಡೆ. ನಾನು ದೊಡ್ಡ ಮನಸ್ಸು ಮಾಡಿದೆನೆಂದೇ ನಂಬಿದ್ದೆ, ಈಗ ಹೇಳಲು ನಾಚಿಕೆಯಾಗುತ್ತದೆ.

ಇನ್ನೊಂದು ವರ್ಷ ಹಾಗೇ ನಡೆಯಿತು. ಅಷ್ಟರಲ್ಲಿ ಸ್ಟೋರ್ಸಿನ ಕಬ್ಬಿಣದ ಏಣಿ ಹತ್ತಲು ಅಕ್ಕನಿಗೆ ಆಗದಾಯಿತು. ಮೇಲಿನ ರ್‍ಯಾಕಿನ ಸಾಮಾನು ಬೇಕೆಂದರೆ ಇನ್ನೊಬ್ಬರನ್ನು ಕರೆಯಬೇಕು. ಡಾಕ್ಟರು, ಮಂಡಿ ಮೊದಲೇ ದುರ್ಬಲವಿತ್ತು, ಕ್ಲಚ್ ತುಳಿದೂ ತುಳಿದೂ ಪೂರ್ತಿ ಸವೆದಿದೆ ಎಂದರು. ಮ್ಯಾನೇಜರು ಕುಳಿತು ಮಾಡುವ ಕೆಲಸ ಖಾಲಿಯಿಲ್ಲ ಎಂದರು. ಮೂರು ತಿಂಗಳು ಕಳೆದ ಮೇಲೆ ರಾಜೀನಾಮೆ ಬರೆಸಿಕೊಂಡರು. ಕೆಲಸದ ಜೊತೆ ಆಸ್ಪತ್ರೆಯ ಸೌಲಭ್ಯವೂ ಹೋಯಿತು, ಆಪರೇಷನ್ ಮಾತೂ ಅಲ್ಲಿಗೇ ನಿಂತಿತು. ಅವರ ಕೊನೆಯ ಲೆಕ್ಕ ಚುಕ್ತಾ ಮಾಡಿದ್ದು ನಾನೇ. ವಾರದೊಳಗೆ ನನಗೆ ಬೇರೊಬ್ಬರ ಕಾರು ಸಿಕ್ಕಿತು.

ಮೊನ್ನೆ ಅಕ್ಕ ಫೋನ್ ಮಾಡಿದ್ದರು. “ಬಲಗಾಲೂ ಸುರುವಾಗೈತೆ ಕಣಮ್ಮ. ಒಂದ್ಸಲ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗ್ತೀಯಾ?” ಹೋದೆ. ಕಾರು ಮನೆ ಮುಂದೆ ಧೂಳು ಹಿಡಿದು ನಿಂತಿತ್ತು. ಅಕ್ಕ ಗೋಡೆ ಹಿಡಿದು ಹೊರಬಂದು ಕೀ ನೀಡಿದರು. “ಭಾನುವಾರ ಅಲ್ವಾ, ರಸ್ತೆ ಖಾಲಿ ಇರ್ತದೆ. ನಿಧಾನಕ್ಕೆ ಓಡ್ಸು, ನಾನು ಪಕ್ಕದಲ್ಲೇ ಇರ್ತೀನಿ.”

ಕೀ ತೆಗೆದುಕೊಂಡೆ. ಬಾಗಿಲು ತೆಗೆದು ಕೂತೆ ಕೂಡ. ಎಡಗಾಲನ್ನು ಕ್ಲಚ್ಚಿನ ಮೇಲಿಟ್ಟೆ. ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದೆ, ಕೀ ತಿರುಗಿಸಲಾಗಲಿಲ್ಲ. ಇಳಿದು ಬಂದು ಫೋನಿನಲ್ಲಿ ಟ್ಯಾಕ್ಸಿ ಕರೆಸಿದೆ.

ಟ್ಯಾಕ್ಸಿಯಲ್ಲಿ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತೆವು. ಮಾರತ್ತಹಳ್ಳಿಯಲ್ಲಿ ಭಾನುವಾರವೂ ಗಾಡಿಗಳು ಸಾಲುಗಟ್ಟಿದ್ದವು. ಡ್ರೈವರು ನಿಲ್ಲಿಸಿದಾಗಲೆಲ್ಲ ಅಕ್ಕನ ಎಡಗಾಲು ತನ್ನಷ್ಟಕ್ಕೆ ಕೆಳಗಿನ ಮ್ಯಾಟನ್ನು ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಅವರು ತುಟಿ ಕಚ್ಚುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡಿದೆ.

ಆಸ್ಪತ್ರೆಯ ಮುಂದೆ ಇಳಿದು ನಾನು ಬಾಡಿಗೆ ಕೊಟ್ಟೆ. ಅಕ್ಕ ಕಂಬಕ್ಕೆ ಒರಗಿ ನಿಂತು, ಸೊಂಟದ ಚೀಲ ಬಿಚ್ಚಿ, ನೋಟು ಚಿಲ್ಲರೆ ಎಣಿಸಿ ನನ್ನ ಮುಂದೆ ಹಿಡಿದರು. “ಅರ್ಧ ಐತೆ ನೋಡ್ಕೊ.”

“ಬೇಡಕ್ಕಾ.”

“ತಗೊಳಮ್ಮ. ನೀನೇ ತಾನೆ ಇಂಗೆ ಮಾಡಿದ್ದು.”

ಅದರಲ್ಲಿ ಕೊಂಕಿರಲಿಲ್ಲ, ಅದೇ ನನಗೆ ತಡೆಯಲಾಗದಾಯಿತು. ಅವರ ಮಟ್ಟಿಗೆ ಅದು ನಾನು ಕಲಿಸಿಕೊಟ್ಟ ನ್ಯಾಯ. ಕೈಚಾಚಿ ತೆಗೆದುಕೊಂಡೆ.