ಬೀರುವಿನ ಹಿಂದಿನ ಬಾಗಿಲು

“ಸರ, ಬೆಂಕಿ ಹತ್ತಿದ್ರ ಹುಡುಗ್ರು ಬೀರುನ್ಯಾಗ ಹೊಕ್ಕೊಂಡು ಕುಂದ್ರಬೇಕೇನ್ರಿ?” ಎಂದು ಹನುಮಕ್ಕ ನಕ್ಕಾಗ, ನಾನು ನಕ್ಷೆ ನೋಡಿಕೊಂಡು ರಸಾಯನಶಾಸ್ತ್ರ ಪ್ರಯೋಗಾಲಯದ ಗೋಡೆಗೆ ತುರ್ತು ದಾರಿಯ ಬಾಣದ ಗುರುತು ಅಂಟಿಸುತ್ತಿದ್ದೆ. ಕುರುಗೋಡಿನಿಂದ ದಿನವೂ ಬಸ್ಸಿನಲ್ಲಿ ಬಂದು ಅಲ್ಲಿ ಕಸ ಗುಡಿಸುವವರು ಅವರು. ಬಾಣ ತೋರಿಸುತ್ತಿದ್ದ ಕಡೆ ಕಬ್ಬಿಣದ ಬೀರು ನಿಂತಿತ್ತು. ಬಾಗಿಲು ಅದರ ಹಿಂದೆ, ತುಕ್ಕು ಹಿಡಿದ ಬೀಗದ ಸಮೇತ.

“ವಾಸ್ತು ಪ್ರಕಾರ ದಕ್ಷಿಣದ ಬಾಗ್ಲಾ ಬ್ಯಾಡಂತ ಹಿಂದಿನ ಎಚ್‌ಓಡಿ ಸರು ಬೀರು ಇಡಿಸಿದ್ರು. ನಾ ಬಂದು ಹತ್ತು ವರ್ಷಾತು, ಆ ಬಾಗ್ಲಾ ಒಮ್ಮೆನೂ ತಗದಿಲ್ರಿ.”

ನಮ್ಮ ವಿಶ್ವವಿದ್ಯಾಲಯದ ವಿಭಾಗಗಳಿಗೆ ಹೋದ ವರ್ಷ ಸುರಕ್ಷತಾ ಯೋಜನೆ ಬರೆದವನು ನಾನೇ. ‘ಬಾಗಿಲು ತೆರೆದು ನೋಡಲಾಗಿದೆ’ ಎಂಬ ಸಾಲಿನ ಮುಂದೆ ನನ್ನದೇ ಟಿಕ್, ಕೆಳಗೆ ನನ್ನದೇ ಸಹಿ. ತೆರೆದದ್ದು ನನಗೆ ನೆನಪೂ ಇದೆ. ಹೊರಗೆ ಬೇವಿನ ಮರವಿತ್ತು, ಮುಖಕ್ಕೆ ಬಿಸಿಗಾಳಿ ಬಡಿದಿತ್ತು.

ಅಂದೇ ಬೀರು ಸರಿಸಿ ಬೀಗ ಒಡೆಸಿದೆ. ಹೊರಗಿದ್ದದ್ದು ಹಳೆಯ ಜನರೇಟರ್ ಶೆಡ್. ಮರದ ಸುಳಿವೇ ಇರಲಿಲ್ಲ.

ಉಳಿದ ವಿಭಾಗಗಳ ಪಟ್ಟಿಯಲ್ಲೂ ಪ್ರತಿ ಬಾಗಿಲಿನ ಮುಂದೆ ನನ್ನ ಟಿಕ್ ಇದೆ. ಯಾವುದನ್ನು ನಿಜಕ್ಕೂ ತೆರೆದಿದ್ದೆ, ಯಾವುದನ್ನು ತೆರೆದೆ ಅಂದುಕೊಂಡಿದ್ದೆ ಎಂಬುದು ಗೊತ್ತಾಗುತ್ತಿಲ್ಲ. ಈಗ ಒಂದೊಂದನ್ನೂ ಮತ್ತೆ ಕೈಯಿಂದ ತಳ್ಳಿ ನೋಡುತ್ತಿದ್ದೇನೆ.