ಒಂಬತ್ತು ಗಂಟೆಯೊಳಗೆ ನಾಲ್ಕು ತಿಂಡಿ

ಆರು ವರ್ಷದ ಮಗನ ತೂಕ ವಯಸ್ಸಿಗಿಂತ ಬಹಳ ಹೆಚ್ಚಾಗಿದೆ ಎಂದು ಡಾಕ್ಟರು ಹೇಳಿದಾಗ ನಾನು ಮೊದಲು ಮಾಡಿದ ಕೆಲಸ ಹೊಟ್ಟೆಯನ್ನು ಒಳಗೆಳೆದುಕೊಂಡದ್ದು. ನನ್ನದನ್ನು. ಬೆಳಿಗ್ಗೆ ಏನು ತಿನ್ನುತ್ತಾನೆ ಎಂದು ಅವರು ಕೇಳಿದರು. ಎರಡೇ ಇಡ್ಲಿ ಎಂದಳು ಹೆಂಡತಿ. ಸುಳ್ಳೇನಲ್ಲ. ನಮ್ಮ ಮನೆಯಲ್ಲಿ ಅವನು ತಿನ್ನುವುದು ಎರಡೇ.

ನಾನು ಚಿಂತೆಯನ್ನೇ ಕಸುಬು ಮಾಡಿಕೊಂಡವನು. ಬೇರೆ ಕಸುಬು ಇಲ್ಲವೆಂದರೂ ಸರಿಯೇ. ಕೋಣನಕುಂಟೆಯಲ್ಲಿ ತಾತ ರಾಗಿ ಬೆಳೆದ ಜಾಗದಲ್ಲಿ ಅಪ್ಪ ಕಟ್ಟಿಸಿದ ಬಿಲ್ಡಿಂಗು, ಪಕ್ಕದ ಅಂಗಡಿಗಳ ಬಾಡಿಗೆ, ಅದರಲ್ಲೇ ಜೀವನ. ಮೂಲೆಯ ಅಂಗಡಿಯಿಂದ ಹಾಲು ತರುವುದಕ್ಕೂ ಸ್ಕೂಟರ್ ತೆಗೆಯುವ ವಂಶ ನಮ್ಮದು. ಕೆಳಗೆ ಅಮ್ಮ, ಮೊದಲ ಮಹಡಿಯಲ್ಲಿ ನಾವು, ಮೇಲೆ ಅಣ್ಣ ಅತ್ತಿಗೆ, ಅದರ ಮೇಲೆ ಚಿಕ್ಕಪ್ಪ ಚಿಕ್ಕಮ್ಮ. ಎಲ್ಲರಿಗೂ ಸೇರಿ ಇರುವ ಚಿಕ್ಕ ಮಗು ಅವನೊಬ್ಬನೇ. ಹಗಲೆಲ್ಲ ಬಾಗಿಲುಗಳು ತೆರೆದೇ ಇರುತ್ತಿದ್ದವು.

ಮರುಭಾನುವಾರ ಪತ್ತೇದಾರನಂತೆ ಮಗನ ಹಿಂದೆ ಹೋದೆ. ನಮ್ಮಲ್ಲಿ ತಿಂದು ಕೆಳಗಿಳಿದ. ಅಮ್ಮ ತುಪ್ಪ ಸವರಿದ ಅಕ್ಕಿರೊಟ್ಟಿ ಕೊಟ್ಟಳು. ಅಲ್ಲಿಂದ ಹತ್ತಿ ಅತ್ತಿಗೆಯ ದೋಸೆ, ಇನ್ನೂ ಹತ್ತಿ ಚಿಕ್ಕಮ್ಮನ ಚಿತ್ರಾನ್ನ. ಒಂಬತ್ತು ಗಂಟೆಯೊಳಗೆ ನಾಲ್ಕು ತಿಂಡಿ. ಪ್ರತಿ ಮನೆಯವರಿಗೂ ಅವನು ಆಗತಾನೇ ಹಸಿದು ಬಂದ ಮಗು. ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಸ್ಕೂಲಿರುವ ದಿನ ಇದೇ ಸಂಚಾರ ಸಂಜೆ ನಡೆಯುತ್ತಿತ್ತಂತೆ.

ಎದುರು ನಿಂತು ಹೇಳುವ ಧೈರ್ಯ ನನಗೆ ಯಾವತ್ತೂ ಇದ್ದದ್ದಿಲ್ಲ. ಮನೆಯವರ ವಾಟ್ಸ್ಯಾಪ್ ಗ್ರೂಪಿಗೆ ಡಾಕ್ಟರ ಚೀಟಿಯ ಫೋಟೋ ಹಾಕಿ, ದಯವಿಟ್ಟು ಯಾರೂ ಅವನಿಗೆ ತಿನ್ನಲು ಕೊಡಬೇಡಿ ಎಂದು ಬರೆದೆ. ಅಣ್ಣ ಒಂದು ಹೆಬ್ಬೆರಳು ಕಳಿಸಿದ. ಮಾರನೆಯ ಬೆಳಿಗ್ಗೆ ಬಾಗಿಲುಗಳೆಲ್ಲ ಮುಚ್ಚಿದ್ದವು. ಕೋಪಕ್ಕಲ್ಲ. ಒಗ್ಗರಣೆ ವಾಸನೆಗೆ ಮಗು ಆಸೆಪಡಬಾರದಲ್ಲ, ಅದಕ್ಕೆ.

ಮಗ ಎರಡು ದಿನ ಬಾಗಿಲು ತಟ್ಟಿ ನೋಡಿದ. ಆಮೇಲೆ ಟ್ಯಾಬ್ ಹಿಡಿದು ಸೋಫಾದಲ್ಲಿ ಕೂತವನು ಅಲ್ಲೇ ಉಳಿದ. ಮೂರು ತಿಂಗಳು ಬಿಟ್ಟು ನೋಡಿದರೆ ತೂಕ ಇನ್ನೂ ಏರಿತ್ತು. ಓಡಾಟ ಕಡಿಮೆಯಾಗಿದೆಯಾ ಎಂದು ಡಾಕ್ಟರು ಕೇಳಿದರು. ದಿನಕ್ಕೆ ಹತ್ತಾರು ಸಲ ಹತ್ತಿಳಿಯುತ್ತಿದ್ದ ಹುಡುಗ. ತಿಂಡಿ ನಿಲ್ಲಿಸಲು ಹೋಗಿ ಮೆಟ್ಟಿಲನ್ನೂ ಮನೆಯವರನ್ನೂ ನಿಲ್ಲಿಸಿದ್ದ ಜಾಣ ನಾನು.

ಅಮ್ಮನ ಹತ್ತಿರ ಹೋಗಿ, ಭಾನುವಾರದಿಂದ ಅವನನ್ನು ಕಳಿಸುತ್ತೇನೆ, ತಿನ್ನಲು ಮಾತ್ರ ಕೊಡಬೇಡ, ಸುಮ್ಮನೆ ಜೊತೆಯಲ್ಲಿ ಕೂರಿಸಿಕೋ ಎಂದೆ. ಅವಳು ಸೆರಗಿನ ಅಂಚು ತಿರುವುತ್ತ ಹೇಳಿದಳು.

"ಬಂದ್ರೆ ಬಾ, ತಿನ್ನು ಅಂತಿದ್ದೆ. ಅದ್ಬಿಟ್ರೆ ಆ ಕೂಸಿನ ಹತ್ರ ಏನ್ ಮಾತಾಡ್ಬೇಕು ಅಂತ ನಂಗೊತ್ತಿಲ್ಲ ಕಣೋ."

ನನ್ನ ಹತ್ತಿರ ಬೇರೇನು ಮಾತಾಡಿದ್ದಳು ಎಂದು ಮೆಟ್ಟಿಲು ಹತ್ತುತ್ತ ಯೋಚಿಸಿದೆ. ಮನೆ ಬಂತು, ಒಂದೂ ನೆನಪಾಗಲಿಲ್ಲ.

ಭಾನುವಾರ ಇಳಿದು ಹೋದ ಮಗ ಹತ್ತು ನಿಮಿಷಕ್ಕೇ ವಾಪಸು ಬಂದ. ಏನು ಮಾಡಿದಿರಿ ಎಂದು ಕೇಳಿದೆ.

"ಅಜ್ಜಿ ನನ್ನ ನೋಡ್ತಿದ್ರು. ನಾನೂ ನೋಡ್ದೆ."

ನಗು ಬರಬೇಕಿತ್ತು. ಅವನ ಕೈ ಹಿಡಿದು ಮತ್ತೆ ಇಳಿದೆ. ಮೂವರೂ ನಡುಮನೆಯಲ್ಲಿ ಕೂತೆವು. ಟೀವಿಯ ರಿಮೋಟಿಗೆ ಹೋದ ಕೈಯನ್ನು ವಾಪಸು ತೆಗೆದುಕೊಂಡೆ. ಅಮ್ಮ ಎರಡು ಸಲ ಅಡುಗೆಮನೆಯ ಕಡೆ ಏಳಲು ಹೋಗಿ ಹಾಗೇ ಕೂತಳು. ಫ್ರಿಜ್ಜಿನ ಸದ್ದು ಅಷ್ಟು ಜೋರಿದೆಯೆಂದು ಅವತ್ತೇ ಗೊತ್ತಾದದ್ದು. ಬಹಳ ಹೊತ್ತಾದ ಮೇಲೆ ಅವಳು ಕೇಳಿದಳು.

"ನಿಮ್ ಮಿಸ್ ಹೆಸ್ರೇನೋ?"

ಮಗ ಹೇಳಿದ. ಎರಡನೇ ವರ್ಷವೂ ಅದೇ ಮಿಸ್ಸಂತೆ. ಆ ಹೆಸರನ್ನು ನಾನೂ ಮೊದಲ ಸಲ ಕೇಳುತ್ತಿದ್ದೆ.